ಮೆತ್ತಗಿನ ಮೀನು, ಒಂದು ಸಿರಿಂಜ್

ಯಾದಗಿರಿ ಜಿಲ್ಲೆಯಲ್ಲಿ, ಭೀಮಾ ದಂಡೆಯ ಒಂದು ಹಳ್ಳಿ ಹೈಸ್ಕೂಲಿನಲ್ಲಿ ನಾನು ವಿಜ್ಞಾನದ ಮೇಷ್ಟ್ರು. ಒಂಬತ್ತನೇ ತರಗತಿಯಲ್ಲಿ ಸಮುದ್ರ ನೋಡಿದವನು ಒಬ್ಬನೇ. ಅಪ್ಪ ಅಮ್ಮ ಮುಂಬೈಗೆ ದುಡಿಯಲು ಹೋದಾಗ ಜೊತೆಗೆ ಹೋಗಿದ್ದ. ಉಳಿದವರಿಗೆ ಆಳ ಅಂದರೆ ಹೊಲದ ಬಾವಿ.

ಆಳ ಸಮುದ್ರದ ಜೀವಿಗಳ ಬಗ್ಗೆ ಎರಡು ವರ್ಷ ನಾನು ತಪ್ಪು ಹೇಳಿದೆ. ನೀರಲ್ಲಿ ಪ್ರತಿ 10 ಮೀಟರ್ ಇಳಿದಾಗ ಒತ್ತಡ ಒಂದು ವಾತಾವರಣದಷ್ಟು, ಅಂದರೆ ನೆಲದ ಮೇಲೆ ಗಾಳಿ ನಮ್ಮನ್ನು ಒತ್ತುವಷ್ಟು, ಏರುತ್ತದೆ. ಸಮುದ್ರದ ಅತಿ ಆಳದ ಜಾಗವಾದ ಮರಿಯಾನಾ ಕಮರಿಯ ತಳ ಸುಮಾರು 11,000 ಮೀಟರ್, ಅಲ್ಲಿ ಒತ್ತಡ ಇಲ್ಲಿಗಿಂತ ಸಾವಿರ ಪಟ್ಟಿಗೂ ಜಾಸ್ತಿ. ಇಷ್ಟು ಸರಿ. ‘ಅದಕ್ಕೇ ಅಲ್ಲಿನ ಪ್ರಾಣಿಗಳ ಮೈ ಕಬ್ಬಿಣದ ಹಾಗೆ ಗಟ್ಟಿ’ ಅಂತ ಸುಮ್ನೆ ಸೇರಿಸಿಬಿಡುತ್ತಿದ್ದೆ. ಯಾರೂ ಎದುರು ಕೇಳಲಿಲ್ಲ.

ಮೂರನೇ ವರ್ಷವೂ ಹಾಗೇ ಹೇಳಿ, ಮರುದಿನ ಮೊಬೈಲಿನಲ್ಲಿ ಒಂದು ವಿಡಿಯೊ ತೋರಿಸಿದೆ. 2022ರಲ್ಲಿ ಜಪಾನ್ ಹತ್ತಿರದ ಕಮರಿಯಲ್ಲಿ, 8,336 ಮೀಟರ್ ಆಳದಲ್ಲಿ ಕ್ಯಾಮೆರಾಗೆ ಸಿಕ್ಕ ಸ್ನೇಲ್‌ಫಿಶ್ ಎಂಬ ಮೀನು ಅದು. ಮುಂದಿನ ಬೆಂಚಿನ ಹುಡುಗಿ ಕೇಳಿದಳು: “ಸರ, ಇದರ ಮೈ ಗಂಜಿ ಇದ್ದಂಗ ಮೆತ್ತಗ ಅದ. ನಿನ್ನೆ ಗಟ್ಟಿ ಅಂದಿದ್ರಲ್ರಿ?”

ನಾಳೆ ಹೇಳ್ತೀನಿ ಅಂತ ತಪ್ಪಿಸಿಕೊಂಡೆ.

ರಾತ್ರಿ ಓದಿದಾಗ ಅರ್ಥವಾಯಿತು. ಒತ್ತಡಕ್ಕೆ ಅಪ್ಪಚ್ಚಿಯಾಗುವುದು ಗಾಳಿ ತುಂಬಿದ ಜಾಗ. ಆ ಮೀನಿನೊಳಗೆ ಗಾಳಿ ಚೀಲವೇ ಇಲ್ಲ. ಒಳಗೂ ನೀರು, ಹೊರಗೂ ನೀರು. ಇದನ್ನು ಬಾಯಲ್ಲಿ ಹೇಳಿದರೆ ಮಕ್ಕಳು ನಂಬಲ್ಲ, ಅಲ್ವಾ? ಮೆಡಿಕಲ್ ಅಂಗಡಿಯಿಂದ ಸೂಜಿ ಇಲ್ಲದ ದೊಡ್ಡ ಸಿರಿಂಜ್ ತಂದೆ. ಬಲೂನಿನ ತುಂಡಲ್ಲಿ ಕಡಲೆಕಾಳಿನಷ್ಟು ಗಾಳಿ ಹಿಡಿದು ದಾರ ಬಿಗಿದೆ. ಇನ್ನೊಂದರಲ್ಲಿ ಅಷ್ಟೇ ನೀರು. ಸಿರಿಂಜಿಗೆ ನೀರು ತುಂಬಿ ಒಂದೊಂದಾಗಿ ಒಳಗೆ ಹಾಕಿದೆ.

ಮೊದಲ ಸಲ ಕೆಟ್ಟಿತು. ನೀರಿನ ಬಲೂನ್ ಹಾಕಿದಾಗಲೂ ಸಿರಿಂಜಿನ ದಂಡಿ ಒಳಗೆ ಸರಿಯಿತು. ಹುಡುಗರು ನಕ್ಕರು. ಒಳಗೆ ಗಾಳಿ ಗುಳ್ಳೆ ಉಳಿದಿತ್ತು. ಮೂತಿ ಮೇಲೆ ಮಾಡಿ, ಬೆರಳಲ್ಲಿ ತಟ್ಟಿ, ಗುಳ್ಳೆ ಹೊರಹಾಕಿ, ಹೆಬ್ಬೆರಳಿಂದ ಬಾಯಿ ಮುಚ್ಚಿ ಒತ್ತಿದೆ. ಈ ಸಲ ದಂಡಿ ಕದಲಲಿಲ್ಲ, ನೀರಿನ ಬಲೂನ್ ಇದ್ದ ಹಾಗೇ ಇತ್ತು. ಗಾಳಿ ಬಲೂನ್ ಮಾತ್ರ ಕುಗ್ಗಿ ಅರ್ಧವಾಯಿತು. “ಈಗ ನಾವು 10 ಮೀಟರ್ ಇಳಿದೀವಿ” ಅಂದೆ. ಸಿರಿಂಜ್ ಕೈಯಿಂದ ಕೈಗೆ ಹೋಗಿ, ಪಿರಿಯಡ್ ಮುಗಿದರೂ ವಾಪಸ್ ಬರಲಿಲ್ಲ.

ಆಳದ ಜೀವಿಗಳ ಊಟದ ಮಾತು ಮಕ್ಕಳಿಗೆ ಬೇಗ ತಿಳಿಯಿತು. 1,000 ಮೀಟರ್ ಕೆಳಗೆ ಸೂರ್ಯನ ಬೆಳಕೇ ಇಲ್ಲ, ಗಿಡವೂ ಇಲ್ಲ. ಮೇಲೆ ಸತ್ತ ಜೀವಿಗಳ ಚೂರು, ಹಿಕ್ಕೆ ಎಲ್ಲ ಮೆಲ್ಲಗೆ ಕೆಳಗೆ ಬೀಳುತ್ತದೆ. ತೊಗರಿ ರಾಶಿ ಮಾಡುವಾಗ ಹೊಟ್ಟು ಉದುರಿದ ಹಾಗೆ ಅಂದೆ, ಸಾಕಾಯಿತು. ಆದರೆ 1977ರಲ್ಲಿ ಪೆಸಿಫಿಕ್ ಸಾಗರದ ಗ್ಯಾಲಪಗೋಸ್ ದ್ವೀಪಗಳ ಹತ್ತಿರ ಸುಮಾರು 2,500 ಮೀಟರ್ ಆಳದ ಬಿಸಿನೀರಿನ ಬುಗ್ಗೆಗಳಲ್ಲಿ ಸಿಕ್ಕ ಕೊಳವೆ ಹುಳುಗಳಿಗೆ ಬಾಯಿಯೂ ಇಲ್ಲ, ಹೊಟ್ಟೆಯೂ ಇಲ್ಲ. “ಹಂಗಾದ್ರ ಉಣ್ತಾವ ಹ್ಯಾಂಗ್ರಿ?” ಮೈಯೊಳಗಿನ ಬ್ಯಾಕ್ಟೀರಿಯಾ ಅಡುಗೆ ಮಾಡುತ್ತವೆ. ಕೊಳೆತ ಮೊಟ್ಟೆಯ ನಾತದ ಹೈಡ್ರೋಜನ್ ಸಲ್ಫೈಡೇ ಅವುಗಳ ಒಲೆಗೆ ಸೌದೆ.

ಸಿರಿಂಜ್ ಪಾಠದಲ್ಲೂ ಒಂದು ಕೊರತೆ ಇತ್ತು. ಗಾಳಿ ಇಲ್ಲದಿದ್ದರೂ ಅಷ್ಟು ಒತ್ತಡಕ್ಕೆ ಮೈಯ ಪ್ರೋಟೀನುಗಳ ಆಕಾರ ಕೆಡುತ್ತದೆ. ಅದನ್ನು ತಡೆಯಲು ಮೀನುಗಳಲ್ಲಿ ಟಿಎಂಎಒ ಎಂಬ ವಸ್ತು ಇದೆ, ಆಳಕ್ಕೆ ಹೋದಷ್ಟೂ ಜಾಸ್ತಿ. ಸತ್ತ ಮೇಲೆ ಬ್ಯಾಕ್ಟೀರಿಯಾ ಅದನ್ನು ಒಡೆದಾಗಲೇ ಸಮುದ್ರದ ಮೀನಿಗೆ ಅದರದೇ ಆದ ನಾತ ಬರುವುದು.

ಮರುವಾರ ಅದೇ ಹುಡುಗಿ ಸಂತೆಗೆ ಹೋಗಿ ಬಂದಿದ್ದಳು. “ಸರ, ಹೊಳಿ ಮೀನಕ್ಕಿಂತ ಸಮುದ್ರದ ಒಣ ಮೀನಿನ ನಾತ ಭಾಳ ಅದರಿ.” ಒಂದು ತಾಜಾ, ಒಂದು ಒಣಗಿಸಿದ್ದು, ಹೋಲಿಕೆ ಸರಿಯಿಲ್ಲ ಅಂದೆ. ಈಗ ಐಸಿನಲ್ಲಿಟ್ಟ ಸಮುದ್ರದ ಮೀನು ಯಾದಗಿರಿಯಲ್ಲಿ ಯಾವ ಅಂಗಡಿಯಲ್ಲಿ ಸಿಗುತ್ತದೆ ಅಂತ ಕೇಳುತ್ತಿದ್ದಾಳೆ.