ತೂಕ ಇಳಿಸುವ ಶಸ್ತ್ರಚಿಕಿತ್ಸೆಗೆ ಒಪ್ಪುವ ಮೊದಲು

ತೂಕ ಇಳಿಸುವ ಶಸ್ತ್ರಚಿಕಿತ್ಸೆಯ ಮಾತು ಬಂದಾಗ ಎಲ್ಲರೂ ಮೊದಲು ಕೇಳುವುದು ಎಷ್ಟು ಕಿಲೋ ಇಳಿಯುತ್ತದೆ ಎಂದು. ಆ ಪ್ರಶ್ನೆಗೆ ಯಾವ ಆಸ್ಪತ್ರೆಯಲ್ಲಾದರೂ ಉತ್ತರ ಸಿಗುತ್ತದೆ. ಶಸ್ತ್ರಚಿಕಿತ್ಸೆಯ ನಂತರ ಉಳಿದ ಆಯುಷ್ಯವನ್ನೆಲ್ಲ ಉಣ್ಣಬೇಕಾದ ರೀತಿಯಲ್ಲಿ ನಾನು ಹಾಸನದ ನನ್ನ ಮನೆಯಲ್ಲಿ, ನನ್ನ ಶಾಲೆಯ ವೇಳಾಪಟ್ಟಿಯೊಳಗೆ ಉಣ್ಣಬಲ್ಲೆನೇ ಎಂಬುದಕ್ಕೆ ಮಾತ್ರ ನಾನೇ ಉತ್ತರ ಹುಡುಕಿಕೊಳ್ಳಬೇಕಾಗಿತ್ತು. ನನ್ನ ನಿರ್ಧಾರ ನಿಂತದ್ದು ಅದರ ಮೇಲೆ.

ನಾನು ಹಾಸನ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ಗಣಿತ ಶಿಕ್ಷಕಿ. ಆಗ ನನಗೆ 46 ವರ್ಷ, ಎತ್ತರ 157 ಸೆಂಟಿಮೀಟರ್, ತೂಕ 104 ಕಿಲೋ, ಎಂದರೆ ಎತ್ತರಕ್ಕೆ ಹೋಲಿಸಿ ತೂಕವನ್ನು ಅಳೆಯುವ ಬಿಎಂಐ 42. ಸಕ್ಕರೆ ಕಾಯಿಲೆಗೆ ಮಾತ್ರೆ ಸಾಲದೆ ಇನ್ಸುಲಿನ್ ಸೇರಿತ್ತು. ನಿದ್ದೆಯಲ್ಲಿ ಉಸಿರು ಕಟ್ಟುತ್ತಿದ್ದುದರಿಂದ ರಾತ್ರಿ ಸಿಪ್ಯಾಪ್ ಯಂತ್ರ ಹಾಕಿಕೊಂಡು ಮಲಗುತ್ತಿದ್ದೆ. ಮೊಣಕಾಲಿನ ನೋವಿಗೆ ಡೈಕ್ಲೋಫೆನಾಕ್ ಮಾತ್ರೆಯಿಲ್ಲದೆ ಮೇಲಿನ ಮಹಡಿಯ ಹತ್ತನೇ ತರಗತಿಗೆ ಹತ್ತುವುದು ಕಷ್ಟವಾಗಿತ್ತು. ಪಥ್ಯದಿಂದ ತೂಕ ಇಳಿದದ್ದೂ ಇತ್ತು, ಅದು ಮರಳಿ ಬಂದದ್ದೂ ಇತ್ತು. ಇದನ್ನು ಮನಸ್ಸಿನ ದೌರ್ಬಲ್ಯವೆಂದು ಹೇಳುವವರು ನಮ್ಮಲ್ಲಿ ಬಹಳ. ಆದರೆ ತೂಕ ಇಳಿದಂತೆ ಹಸಿವನ್ನು ಎಬ್ಬಿಸುವ ಗ್ರೆಲಿನ್ ಎಂಬ ಹಾರ್ಮೋನು ಹೆಚ್ಚುತ್ತದೆ, ದೇಹವು ವಿಶ್ರಾಂತಿಯಲ್ಲಿ ಖರ್ಚು ಮಾಡುವ ಶಕ್ತಿ ಕಡಿಮೆಯಾಗುತ್ತದೆ. ದೇಹವೇ ಹಳೆಯ ತೂಕದ ಕಡೆಗೆ ಎಳೆಯುತ್ತಿರುತ್ತದೆ. ಇದನ್ನು ತಿಳಿದ ಮೇಲೆ ಶಸ್ತ್ರಚಿಕಿತ್ಸೆಯ ಬಗ್ಗೆ ಸಂಕೋಚವಿಲ್ಲದೆ ಯೋಚಿಸಲು ನನಗೆ ಸಾಧ್ಯವಾಯಿತು.

ಅರ್ಹತೆಯ ವಿಚಾರದಲ್ಲಿ ಹೆಚ್ಚು ಚರ್ಚೆಗೆ ಅವಕಾಶವಿರಲಿಲ್ಲ. 2022ರ ಅಂತರರಾಷ್ಟ್ರೀಯ ಮಾರ್ಗಸೂಚಿಯು ಬಿಎಂಐ 35 ದಾಟಿದವರಿಗೆ ಬೇರೆ ಕಾಯಿಲೆ ಇರಲಿ ಇಲ್ಲದಿರಲಿ ಶಸ್ತ್ರಚಿಕಿತ್ಸೆಯನ್ನು ಶಿಫಾರಸು ಮಾಡುತ್ತದೆ. ನಮ್ಮಂತಹ ಏಷ್ಯಾದವರಿಗೆ ಕಡಿಮೆ ತೂಕದಲ್ಲೇ ಸಕ್ಕರೆ ಕಾಯಿಲೆ ಬರುವುದರಿಂದ 27.5ರಿಂದಲೇ ಪರಿಗಣಿಸಬಹುದು ಎನ್ನುತ್ತದೆ. ವಿಮೆಯ ಲೆಕ್ಕ ಬೇರೆ. ನಮ್ಮ ದೇಶದ ಆರೋಗ್ಯ ವಿಮೆಗಳ ಪ್ರಮಾಣಿತ ಷರತ್ತಿನಂತೆ ಬಿಎಂಐ 40 ಇರಬೇಕು, ಅಥವಾ 35 ಇದ್ದು ಹತೋಟಿಗೆ ಬಾರದ ಸಕ್ಕರೆ ಕಾಯಿಲೆ, ನಿದ್ದೆಯಲ್ಲಿ ಉಸಿರು ಕಟ್ಟುವ ತೀವ್ರ ಸ್ಲೀಪ್ ಆಪ್ನಿಯಾ, ಹೃದಯದ ಕಾಯಿಲೆಯಂತಹ ತೊಂದರೆಯೊಂದಿದ್ದು ಬೇರೆ ಉಪಾಯಗಳು ಫಲಿಸದೆ ಇರಬೇಕು. ವೈದ್ಯರು ಶಸ್ತ್ರಚಿಕಿತ್ಸೆ ಬೇಕೆಂದರೂ ವಿಮೆ ಸಿಗದೆ ಹೋಗುವವರು ಈ ಎರಡು ಅಳತೆಗಳ ನಡುವೆ ಸಿಕ್ಕಿಕೊಳ್ಳುತ್ತಾರೆ. ಆದ್ದರಿಂದ ಪಾಲಿಸಿಯ ಆ ಪುಟವನ್ನು ಪರೀಕ್ಷೆಗಳಿಗೆ ಹಣ ಖರ್ಚು ಮಾಡುವ ಮೊದಲೇ ಓದಿಕೊಳ್ಳುವುದು ಒಳ್ಳೆಯದು.

ನಾನು ಇನ್ನೂ ಪರೀಕ್ಷೆಗಳನ್ನು ಮಾಡಿಸುತ್ತಿದ್ದಾಗಲೇ, 2025ರ ಮಾರ್ಚಿನಲ್ಲಿ, ತೂಕ ಇಳಿಸುವ ಮೌಂಜಾರೋ ಇಂಜೆಕ್ಷನ್ ಭಾರತದ ಮಾರುಕಟ್ಟೆಗೆ ಬಂತು. ಜೂನ್‌ನಲ್ಲಿ ಅಂತಹದೇ ಇನ್ನೊಂದು ಇಂಜೆಕ್ಷನ್ ವಿಗೋವಿ ಬಂತು. ಮನೆಯವರೆಲ್ಲ ಸೂಜಿಯಲ್ಲೇ ಆಗುವುದಾದರೆ ಹೊಟ್ಟೆ ಏಕೆ ಕೊಯ್ಯಿಸಿಕೊಳ್ಳಬೇಕು ಎಂದು ಕೇಳಿದರು. ನ್ಯಾಯವಾದ ಪ್ರಶ್ನೆಯೇ. ವಿಗೋವಿಯಲ್ಲಿರುವ ಸೆಮಾಗ್ಲುಟೈಡ್ ಔಷಧದಿಂದ 68 ವಾರಗಳಲ್ಲಿ ಸರಾಸರಿ ಶೇ. 15ರಷ್ಟು ತೂಕ ಇಳಿದದ್ದು 2021ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ಕಂಡುಬಂದಿತ್ತು. ಆದರೆ ಔಷಧ ನಿಲ್ಲಿಸಿದ ಒಂದು ವರ್ಷದಲ್ಲಿ ಇಳಿದ ತೂಕದ ಮೂರನೇ ಎರಡರಷ್ಟು ಮರಳಿ ಬಂದದ್ದೂ ಅದರ ಮುಂದುವರಿಕೆಯಲ್ಲಿ ದಾಖಲಾಗಿದೆ. ಎಂದರೆ ತಿಂಗಳ ಖರ್ಚೊಂದನ್ನು ಕೊನೆಯಿಲ್ಲದಂತೆ ಹೊರಬೇಕು. ಇಬ್ಬರು ಮಕ್ಕಳ ಓದಿನ ನಡುವೆ ಆ ಹಣವನ್ನು ತಪ್ಪದೆ ಹೊಂದಿಸುವ ಭರವಸೆ ನನಗಿರಲಿಲ್ಲ. ಬಿಎಂಐ 30ರ ಆಸುಪಾಸಿನಲ್ಲಿರುವ ನನ್ನ ತಂಗಿ ಇದೇ ಪ್ರಶ್ನೆ ಕೇಳಿದಾಗ, ಮೊದಲು ಔಷಧದ ಬಗ್ಗೆಯೇ ವೈದ್ಯರಲ್ಲಿ ಮಾತನಾಡು ಎಂದು ಹೇಳಿದ್ದೇನೆ.

ಸ್ಲೀವ್ ಮಾಡಿಸುವುದೋ ಬೈಪಾಸ್ ಮಾಡಿಸುವುದೋ ಎಂಬುದರಲ್ಲಿ ಹೆಚ್ಚು ಕಾಲ ಹೋಯಿತು. ಸ್ಲೀವ್‌ನಲ್ಲಿ ಜಠರದ ಮುಕ್ಕಾಲು ಭಾಗಕ್ಕೂ ಹೆಚ್ಚನ್ನು ಕತ್ತರಿಸಿ ತೆಗೆದು ಬಾಳೆಹಣ್ಣಿನಾಕಾರದ ಕೊಳವೆಯನ್ನಷ್ಟೇ ಉಳಿಸುತ್ತಾರೆ. ಗ್ರೆಲಿನ್ ಹೆಚ್ಚಾಗಿ ತಯಾರಾಗುವ ಭಾಗವೂ ಅದರೊಂದಿಗೆ ಹೋಗುತ್ತದೆ. ಬೈಪಾಸ್‌ನಲ್ಲಿ ಜಠರದ ಮೇಲ್ಭಾಗದಲ್ಲಿ ಸುಮಾರು 30 ಮಿಲಿಲೀಟರ್ ಹಿಡಿಯುವ ಚಿಕ್ಕ ಚೀಲವನ್ನು ಮಾಡಿ ಅದಕ್ಕೆ ಸಣ್ಣ ಕರುಳನ್ನು ನೇರವಾಗಿ ಜೋಡಿಸುತ್ತಾರೆ, ಆಹಾರವು ಉಳಿದ ಜಠರವನ್ನೂ ಕರುಳಿನ ಮೊದಲ ಭಾಗವನ್ನೂ ಮುಟ್ಟದೆ ಮುಂದಕ್ಕೆ ಹೋಗುತ್ತದೆ. ಸ್ಲೀವ್ ಸರಳವಾದದ್ದು, ಬೇಗ ಮುಗಿಯುತ್ತದೆ, ಮೊದಲ ಸಲಹೆಯೂ ಅದೇ ಆಗಿತ್ತು. ಎಂಡೋಸ್ಕೋಪಿಯ ವರದಿ ಬಂದ ಮೇಲೆ ಮಾತು ಬದಲಾಯಿತು. ನನಗೆ ಹಯಾಟಸ್ ಹರ್ನಿಯಾ ಇತ್ತು, ಎಂದರೆ ಜಠರದ ಮೇಲ್ಭಾಗ ಎದೆಯ ಕಡೆಗೆ ಜಾರಿತ್ತು, ಅನ್ನನಾಳದ ಕೆಳತುದಿ ಆಮ್ಲದಿಂದ ಕೆಂಪಾಗಿತ್ತು. ಸ್ಲೀವ್‌ನ ನಂತರ ಎದೆಯುರಿ ಹೆಚ್ಚಾಗುವ ಸಂಭವವಿದೆ. ಬೈಪಾಸ್‌ನಿಂದ ಸಾಮಾನ್ಯವಾಗಿ ಕಡಿಮೆಯಾಗುತ್ತದೆ. ಅದೇ ಪರೀಕ್ಷೆಯಲ್ಲಿ ಜಠರದಲ್ಲಿ ಹುಣ್ಣು ತರಬಲ್ಲ ಎಚ್. ಪೈಲೋರಿ ಬ್ಯಾಕ್ಟೀರಿಯಾದ ಸೋಂಕೂ ಕಂಡದ್ದರಿಂದ ಅದಕ್ಕೆ ಮೊದಲು ಚಿಕಿತ್ಸೆ ಪಡೆದೆ. ಎಂಡೋಸ್ಕೋಪಿ ಮಾಡದೆ ಯಾವ ಶಸ್ತ್ರಚಿಕಿತ್ಸೆ ಎಂದು ನಿಶ್ಚಯಿಸುವ ಕಡೆ ನಾನು ಖಂಡಿತ ಒಪ್ಪಿಗೆ ಕೊಡುತ್ತಿರಲಿಲ್ಲ.

ಆದರೆ ಬೈಪಾಸ್‌ಗೆ ತನ್ನದೇ ಬೆಲೆಯಿತ್ತು. ಕರುಳು ಜೋಡಿಸಿದ ಜಾಗದಲ್ಲಿ ಹುಣ್ಣಾಗುವ ಅಪಾಯವಿರುವುದರಿಂದ ಡೈಕ್ಲೋಫೆನಾಕ್, ಐಬುಪ್ರೊಫೆನ್‌ನಂತಹ ನೋವಿನ ಮಾತ್ರೆಗಳನ್ನು ಮುಂದೆ ಮುಟ್ಟುವಂತಿಲ್ಲ. ನನ್ನ ಮೊಣಕಾಲು ಆ ಮಾತ್ರೆಯ ಆಸರೆಯಲ್ಲೇ ನಡೆಯುತ್ತಿತ್ತು. ತೂಕ ಇಳಿದರೆ ಮೊಣಕಾಲಿನ ಭಾರ ಇಳಿಯುತ್ತದೆ ಎಂಬುದು ನಿಜವಾದರೂ ಸವೆದ ಕೀಲು ಹೊಸದಾಗುವುದಿಲ್ಲ. ಆದ್ದರಿಂದ ಮೂಳೆ ವೈದ್ಯರಿಗೆ ಎಕ್ಸ್‌ರೇ ತೋರಿಸಿ, ಪ್ಯಾರಾಸಿಟಮಾಲ್ ಮತ್ತು ತೊಡೆಯ ಸ್ನಾಯುಗಳ ವ್ಯಾಯಾಮದಿಂದಷ್ಟೇ ಕೆಲಸ ನಡೆಯುತ್ತದೆಯೇ ಎಂದು ಕೆಲವು ವಾರ ನೋಡಿದೆ. ಆರಾಮವಾಗಿ ನಡೆಯಿತು ಎಂದು ಹೇಳಲಾರೆ; ನಡೆಯಿತು ಎಂದಷ್ಟೇ ಹೇಳಬಲ್ಲೆ.

ಊಟದ ವಿಷಯವನ್ನೂ ಹೀಗೆಯೇ ಮೊದಲು ಮಾಡಿ ನೋಡಲು ತೀರ್ಮಾನಿಸಿದೆ. ಕಡಿಮೆ ಉಂಡರೆ ಸಕ್ಕರೆ ಅಪಾಯಕರವಾಗಿ ಇಳಿಯುವುದರಿಂದ ಇನ್ಸುಲಿನ್ ಪ್ರಮಾಣವನ್ನು ವೈದ್ಯರಿಂದ ಬದಲಾಯಿಸಿಕೊಂಡು, ಆಹಾರ ತಜ್ಞೆ ಬರೆದುಕೊಟ್ಟ ಶಸ್ತ್ರಚಿಕಿತ್ಸೆಯ ನಂತರದ ಕ್ರಮವನ್ನು ಮನೆಯಲ್ಲಿ ಆರಂಭಿಸಿದೆ. ಸಣ್ಣ ಬಟ್ಟಲಿನಷ್ಟು ಊಟ, ಪ್ರತಿ ತುತ್ತನ್ನೂ ನುಣ್ಣಗಾಗುವವರೆಗೆ ಅಗಿಯುವುದು, ಊಟದ ಜೊತೆ ನೀರು ಕುಡಿಯದಿರುವುದು, ಉಂಡ ಅರ್ಧ ಗಂಟೆಯವರೆಗೂ ಕುಡಿಯದಿರುವುದು, ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನ್. ಒಂದು ಮೊಟ್ಟೆಯಲ್ಲಿರುವುದು ಸುಮಾರು 6 ಗ್ರಾಂ ಎಂದರೆ 60 ಗ್ರಾಂ ಎಷ್ಟೆಂಬುದು ಅಂದಾಜಾಗುತ್ತದೆ. ಹೆಸರುಕಾಳು, ಮೊಸರು, ಪನೀರು, ಮೀನು, ಕೋಳಿ ಮೊದಲು. ಅನ್ನ, ರೊಟ್ಟಿ ಜಾಗ ಉಳಿದರೆ.

ನಮ್ಮ ಕಡೆಯ ಊಟಕ್ಕೂ ಈ ನಿಯಮಗಳಿಗೂ ನೇರವಾದ ವಿರೋಧವಿದೆ. ಮುದ್ದೆಯನ್ನು ಯಾರೂ ಅಗಿಯುವುದಿಲ್ಲ. ಮುರಿದು, ಬೆರಳಲ್ಲಿ ಉಂಡೆ ಮಾಡಿ, ಸಾರಿನಲ್ಲಿ ಹೊರಳಿಸಿ ನುಂಗುವುದು. ಮೂವತ್ತು ಮಿಲಿಲೀಟರಿನ ಚೀಲಕ್ಕೆ, ಅದರ ಕೆಳಗಿನ ಕಿರಿದಾದ ಬಾಯಿಗೆ ಹಾಗೆ ನುಂಗಿದ ತುತ್ತು ಸಿಕ್ಕಿಕೊಂಡರೆ ವಾಂತಿಯಾಗುವವರೆಗೂ ಸಂಕಟ. ಅತ್ತೆ ಇದನ್ನು ಕೇಳಿ, "ಮುದ್ದೆ ಬಿಟ್ಟು ಎಷ್ಟು ದಿನ ಇರ್ತೀಯವ್ವಾ?" ಎಂದು ನಿಜವಾದ ಕಾಳಜಿಯಿಂದಲೇ ಕೇಳಿದರು. ಅದೇ ದಿನಗಳಲ್ಲಿ ಹೊಳೆನರಸೀಪುರದ ಕಡೆಯ ನೆಂಟರ ಮನೆಯ ಬೀಗರ ಊಟಕ್ಕೆ ಹೋಗಬೇಕಾಯಿತು. ಬಡಿಸುವ ಹುಡುಗ ಮುದ್ದೆಯ ತಟ್ಟೆ ಹಿಡಿದು, "ಒಂದೇ ಒಂದು ಹಾಕಿಸ್ಕೊಳಿ ಅಕ್ಕ, ಎಲೆ ಬರಿದಾಗಿದ್ರೆ ಚೆನ್ನಾಗಿರಲ್ಲ" ಎಂದು ನಿಂತೇ ಇದ್ದ. ನಾನು ಎಲೆಯ ಮೇಲೆ ಕೈ ಅಡ್ಡ ಹಿಡಿದು, ಎರಡು ತುಂಡು ಮಾಂಸವನ್ನು ಸಣ್ಣದಾಗಿ ಬಿಡಿಸಿಕೊಂಡು ತಿಂದು, ಸಾಲಿನವರೆಲ್ಲ ಏಳುವವರೆಗೂ ಕುಳಿತಿದ್ದೆ. ಹಸಿವನ್ನು ತಡೆಯುವುದಕ್ಕಿಂತ ಮಾತನ್ನು ತಡೆಯುವುದು ಕಷ್ಟವಾಗಿತ್ತು. ಆದರೂ ಅದು ನನ್ನಿಂದ ಆಗುತ್ತದೆ ಎಂಬುದು ಅಲ್ಲಿ ಸ್ಪಷ್ಟವಾಯಿತು.

ಶಾಲೆಯಲ್ಲಿ ತೊಡಕು ಬೇರೆ ಬಗೆಯದು. ನಿಧಾನವಾಗಿ ಅಗಿದು ತಿನ್ನಲು ಮಧ್ಯಾಹ್ನದ ಬಿಡುವಿನ ಬಹುಪಾಲು ಬೇಕು, ಆಮೇಲೆ ನೀರು ಕುಡಿಯುವ ಹೊತ್ತಿಗೆ ಗಂಟೆ ಹೊಡೆದಿರುತ್ತದೆ. ಮುಖ್ಯೋಪಾಧ್ಯಾಯರಿಗೆ ವಿಷಯ ತಿಳಿಸಿ, ನಡುವೆ ಒಂದು ಅವಧಿಯ ಬಿಡುವು ಬರುವಂತೆ ವೇಳಾಪಟ್ಟಿ ಬದಲಾಯಿಸಿಕೊಂಡೆ. ಈ ಏರ್ಪಾಡು ಆಗದಿದ್ದರೆ ಶಸ್ತ್ರಚಿಕಿತ್ಸೆಯನ್ನು ಬೇಸಿಗೆ ರಜೆಯ ಆಚೆಗೂ ಮುಂದೂಡುತ್ತಿದ್ದೆ.

ಉಳಿದದ್ದು ಯಾವ ಊರಿನಲ್ಲಿ ಮಾಡಿಸುವುದು ಎಂಬ ಪ್ರಶ್ನೆ. ಬೈಪಾಸ್ ಆದವರಿಗೆ ವರ್ಷಗಳ ನಂತರವೂ ಕರುಳು ಒಳಗೇ ಸಿಕ್ಕಿಕೊಳ್ಳುವ ಒಳ ಹರ್ನಿಯಾ ಆಗಬಹುದು. ಆಗ ಹೊಟ್ಟೆನೋವನ್ನು ಗ್ಯಾಸ್ಟ್ರಿಕ್ ಎಂದು ಭಾವಿಸಿ ಕಾಯುವಂತಿಲ್ಲ, ತಕ್ಷಣ ಸ್ಕ್ಯಾನ್ ಮತ್ತು ಶಸ್ತ್ರತಜ್ಞರು ಬೇಕು. ಮಂಗಳೂರಿನ ಆಸ್ಪತ್ರೆಯೊಂದು ಅನುಕೂಲವಾಗಿಯೇ ಕಂಡಿತ್ತು. ಮಳೆಗಾಲದಲ್ಲಿ ಶಿರಾಡಿ ಘಾಟಿ ಕುಸಿದು ದಾರಿ ಮುಚ್ಚುವುದನ್ನು ನೆನೆದು ಬೆಂಗಳೂರನ್ನೇ ಆರಿಸಿದೆ. ಹೋಗುವ ಮೊದಲು ಹಾಸನದಲ್ಲೇ ಒಬ್ಬ ಶಸ್ತ್ರತಜ್ಞರನ್ನು ಕಂಡು, ಇಂತಹ ನೋವು ಬಂದರೆ ನೋಡುವಿರಾ ಎಂದು ಕೇಳಿ ಒಪ್ಪಿಸಿದೆ. ಯಾವ ಬಗೆಯ ಜೋಡಣೆ ಮಾಡಲಾಗಿದೆ ಎಂಬುದರ ವಿವರ ಬರೆದ ಪತ್ರವನ್ನು ಆಸ್ಪತ್ರೆಯಿಂದ ಪಡೆದು ಪರ್ಸಿನಲ್ಲಿ ಇಟ್ಟುಕೊಂಡಿದ್ದೇನೆ, ಅದರ ಫೋಟೋ ಮನೆಯವರೆಲ್ಲರ ಮೊಬೈಲಿನಲ್ಲಿದೆ.

ಸಾವಿನ ಭಯವನ್ನು ಮುಚ್ಚಿಡುವುದಿಲ್ಲ. ಅನುಭವಿ ಕೇಂದ್ರಗಳಲ್ಲಿ ಸಾವಿನ ಪ್ರಮಾಣ ಸಾವಿರಕ್ಕೆ ಒಬ್ಬರ ಆಸುಪಾಸಿನಲ್ಲಿದೆ, ಪಿತ್ತಕೋಶ ತೆಗೆಯುವ ಶಸ್ತ್ರಚಿಕಿತ್ಸೆಗೆ ಹೋಲಿಸುವಷ್ಟು. ಜೋಡಿಸಿದ ಜಾಗದಲ್ಲಿ ಸೋರಿಕೆ, ರಕ್ತ ಹೆಪ್ಪುಗಟ್ಟುವುದು ಇವೂ ಸಾಧ್ಯ. ಸಕ್ಕರೆ ಕಾಯಿಲೆ ಪೂರ್ತಿ ಹೋಗುತ್ತದೆ ಎಂಬ ಭರವಸೆಯನ್ನೂ ನಾನು ನಂಬಿಕೊಂಡು ಹೋಗಲಿಲ್ಲ. ಅಮೆರಿಕದ ಸ್ಟ್ಯಾಂಪೀಡ್ ಎಂಬ ಅಧ್ಯಯನದಲ್ಲಿ ಐದು ವರ್ಷಗಳ ನಂತರ, ಸುಮಾರು ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತೋರಿಸುವ ಎಚ್‌ಬಿಎ1ಸಿ 6 ಅಥವಾ ಅದಕ್ಕಿಂತ ಕಡಿಮೆ ಇದ್ದವರು ಬೈಪಾಸ್ ಆದವರಲ್ಲಿ ಶೇ. 29, ಸ್ಲೀವ್ ಆದವರಲ್ಲಿ ಶೇ. 23, ಔಷಧ ಮಾತ್ರ ಪಡೆದವರಲ್ಲಿ ಶೇ. 5. ಇದು ದೊಡ್ಡ ವ್ಯತ್ಯಾಸ. ಆದರೆ ಬೈಪಾಸ್ ಆದ ಹೆಚ್ಚಿನವರೂ ಆ ಗುರಿಯನ್ನು ಮುಟ್ಟಲಿಲ್ಲ ಎಂಬುದೂ ಅದರಲ್ಲೇ ಇದೆ. ಇದಿಷ್ಟನ್ನೂ ಗಂಡನ ಎದುರಿಗಿಟ್ಟು, ಇಬ್ಬರೂ ಓದಿ, ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದೆವು.

ಶಸ್ತ್ರಚಿಕಿತ್ಸೆ ಆಯಿತು. ಇನ್ಸುಲಿನ್ ನಿಂತಿದೆ, ಒಂದು ಮಾತ್ರೆ ಉಳಿದಿದೆ. ಮೂರನೇ ತಿಂಗಳಿನಿಂದ ಕೂದಲು ಬಹಳ ಉದುರಿತು, ಈಗ ಮತ್ತೆ ಬರುತ್ತಿದೆ. ಬಿ12, ಕಬ್ಬಿಣ, ಕ್ಯಾಲ್ಸಿಯಂ ಸಿಟ್ರೇಟ್, ವಿಟಮಿನ್ ಡಿ ಜೀವನವಿಡೀ ಇವೆ; ಕಬ್ಬಿಣವನ್ನೂ ಕ್ಯಾಲ್ಸಿಯಮ್ಮನ್ನೂ ಒಂದೇ ಹೊತ್ತಿಗೆ ತೆಗೆದುಕೊಂಡರೆ ಕಬ್ಬಿಣ ಸರಿಯಾಗಿ ಸೇರುವುದಿಲ್ಲವಾದ್ದರಿಂದ ಒಂದನ್ನು ಬೆಳಿಗ್ಗೆ, ಇನ್ನೊಂದನ್ನು ಸಂಜೆ ಶಾಲೆಯಿಂದ ಬಂದ ಮೇಲೆ ತೆಗೆದುಕೊಳ್ಳುತ್ತೇನೆ. ಮುದ್ದೆಯ ಬದಲು ಅತ್ತೆ ನನಗೆ ರಾಗಿ ಅಂಬಲಿಯನ್ನು ತೆಳ್ಳಗೆ ಕಾಸಿ ಮಜ್ಜಿಗೆ ಬೆರೆಸಿ ಕೊಡುತ್ತಾರೆ, ಅದು ಸುಲಭವಾಗಿ ಇಳಿಯುತ್ತದೆ.