ಹಳೇ ಪ್ಲೇಟಿಗೆ ಟರ್ನ್‌ಟೇಬಲ್ ಬೇಕಾ? ಮೊದಲು ಮುಳ್ಳು ನೋಡಿ

ನಮ್ಮಪ್ಪ ಮಂಡ್ಯದಲ್ಲಿ ಮೈಕ್‌ಸೆಟ್ ಅಂಗಡಿ ಇಟ್ಟಿದ್ದರು. ಮದುವೆ, ಊರಹಬ್ಬ ಏನೇ ಇದ್ದರೂ ಎರಡು ಹಾರನ್ನು, ಒಂದು ಆಂಪ್ಲಿಫೈಯರ್, ಗ್ರಾಮಫೋನ್ ಪ್ಲೇಟು ಓಡಿಸುವ ಒಂದು ಪೆಟ್ಟಿಗೆ ಗಾಡಿ ಹತ್ತುತ್ತಿದ್ದವು. ಪ್ಲೇಟು ತಿರುವಿ ಹಾಕೋದು ನನ್ನ ಕೆಲಸ. ಆ ಪೆಟ್ಟಿಗೆಯ ಪಿಕಪ್ಪಿನಲ್ಲಿ, ಅಂದರೆ ಪ್ಲೇಟಿನ ಮೇಲೆ ಓಡುವ ತಲೆಯಲ್ಲಿ, ಎರಡು ಮುಳ್ಳು ಇತ್ತು, ಒಂದು 78ಕ್ಕೆ (ನಿಮಿಷಕ್ಕೆ 78 ಸುತ್ತು ತಿರುಗುವ ಹಳೇ ಅರಗಿನ ಪ್ಲೇಟು), ಇನ್ನೊಂದು ಆಮೇಲೆ ಬಂದ 33 ಸುತ್ತಿನ ಎಲ್‌ಪಿಗೆ. ಸಣ್ಣ ಕಡ್ಡಿ ತಿರುಗಿಸಿದರೆ ಬದಲಾಗುತ್ತಿತ್ತು. ನಾನು ಮರೆತರೆ ಅಪ್ಪ ದೂರದಿಂದಲೇ ಶಬ್ದ ಕೇಳಿ ಕೂಗುತ್ತಿದ್ದರು: "ಮುಳ್ಳು ತಿರುಗಿಸ್ಲಾ, ಪ್ಲೇಟು ಹಾಳಾಯ್ತದೆ!"

ಅಂಗಡಿ ಮುಚ್ಚಿ ಎಷ್ಟೋ ವರ್ಷವಾಯಿತು. ಒಂದು ಟ್ರಂಕ್ ಪ್ಲೇಟು ಈಗ ಮೈಸೂರಿನ ನನ್ನ ಮನೆಯಲ್ಲಿದೆ. ತಾತನ ಕಾಲದ ಪ್ಲೇಟು ಸಿಕ್ಕಿದೆ, ಯಾವ ಟರ್ನ್‌ಟೇಬಲ್ ತಗೊಳ್ಳಲಿ ಅಂತ ಯಾರಾದರೂ ಕೇಳಿದರೆ ನಾನು ಹೇಳೋದು ಅಪ್ಪನ ಮಾತನ್ನೇ. ಪೆಟ್ಟಿಗೆ ಆಮೇಲೆ, ಮೊದಲು ಮುಳ್ಳು.

ನಿಮ್ಮ ಹತ್ತಿರ ಇರೋದು ಅರಗಿನ ಪ್ಲೇಟೇನಾ ಅಂತ ಖಾತ್ರಿ ಮಾಡಿಕೊಳ್ಳಿ. ಸಾಮಾನ್ಯವಾಗಿ 10 ಇಂಚು ಇರುತ್ತದೆ. ದಪ್ಪ, ಭಾರ. ಒಂದು ಮಗ್ಗುಲಿಗೆ ಮೂರು ನಿಮಿಷ ಚಿಲ್ಲರೆ ಹಾಡು. ಎಲ್‌ಪಿ ಬಗ್ಗುತ್ತದೆ, ಇದು ಬಿದ್ದರೆ ಹೆಂಚಿನ ಹಾಗೆ ಒಡೆಯುತ್ತದೆ. ಅರಗು, ಕಲ್ಲಿನ ಪುಡಿ, ಮಸಿ ಸೇರಿಸಿ ಬಿಸಿಯಲ್ಲಿ ಒತ್ತಿದ ಮಾಲು ಇದು. ಚುನಾವಣೆ ಶಾಯಿ ಮಾಡುವ ನಮ್ಮ ಮೈಸೂರು ಪೇಂಟ್ಸ್ ಇದೆಯಲ್ಲ, 1937ರಲ್ಲಿ ಶುರುವಾದಾಗ ಅದು ಅರಗಿನ ಕಾರ್ಖಾನೆ. ಆ ಅರಗೇ ಇದು.

ಅರಗು ಅಂದಮೇಲೆ ಒಂದು ಸಂಕಟ ಹೇಳಿಬಿಡುತ್ತೇನೆ. ಟ್ರಂಕು ತೆಗೆದ ಹೊಸದರಲ್ಲಿ ಒಂದು ಪ್ಲೇಟಿನ ಧೂಳು ಹೋಗಲಿ ಅಂತ ಹತ್ತಿಗೆ ಸ್ಪಿರಿಟ್ ಹಾಕಿ ಉಜ್ಜಿದೆ. ಹತ್ತಿ ಕಪ್ಪಾಯಿತು. ಎಷ್ಟು ಕೊಳೆ ನೋಡು ಅಂತ ಖುಷಿಯಿಂದ ಇನ್ನೂ ಉಜ್ಜಿದೆ. ಬೆಳಕಿಗೆ ಹಿಡಿದು ನೋಡಿದರೆ ಅಷ್ಟಗಲ ಹೊಳಪೇ ಇಲ್ಲ, ಗೆರೆಗಳು ಮೆತ್ತಗೆ ಕರಗಿ ಒಂದಕ್ಕೊಂದು ಅಂಟಿವೆ. ಹತ್ತಿಗೆ ಬಂದದ್ದು ಕೊಳೆಯಲ್ಲ, ಹಾಡು. ಬೀಟೆ ಮರಕ್ಕೆ ಪಾಲಿಶ್ ಹಾಕುವವರು ಅರಗನ್ನು ಕರಗಿಸೋದೇ ಸ್ಪಿರಿಟ್ಟಿನಲ್ಲಿ. ಅಷ್ಟೂ ಹೊಳೆಯಲಿಲ್ಲ ನನಗೆ. ಸ್ಪಿರಿಟ್, ಸ್ಯಾನಿಟೈಸರ್ ಹತ್ತಿರವೂ ತರಬೇಡಿ. ಡಿಸ್ಟಿಲ್ಡ್ ವಾಟರಿಗೆ ಒಂದು ತೊಟ್ಟು ಪಾತ್ರೆ ತೊಳೆಯುವ ಸೋಪು ಸಾಕು. ಮಧ್ಯದ ಲೇಬಲ್ ನೆನೆಯಬಾರದು. ಒರೆಸಿ, ನೆರಳಲ್ಲಿ ಒಣಗಿಸಿ.

ಈಗ ಮುಳ್ಳಿಗೆ ಬರೋಣ. ಎಲ್‌ಪಿ ಮುಳ್ಳಿನ ತುದಿಯ ಉರುಟು ಸುಮಾರು 18 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನ್). 78ರ ಮುಳ್ಳಿಗೆ ಸುಮಾರು 75, ನಾಲ್ಕು ಪಟ್ಟು ದಪ್ಪ. ಎಲ್‌ಪಿ ಮುಳ್ಳನ್ನು ಹಳೇ ಪ್ಲೇಟಿನ ಮೇಲೆ ಬಿಟ್ಟರೆ ಕಬ್ಬಿನ ಗಾಡಿಯ ಜಾಡಿನಲ್ಲಿ ಸೈಕಲ್ ಬಿಟ್ಟಂತೆ. ಗೆರೆಯ ಎರಡು ಗೋಡೆಗೆ ಒರಗಿ ಓಡಬೇಕಾದ್ದು ತಳಕ್ಕೆ ಬಿದ್ದು ಆ ಕಡೆ ಈ ಕಡೆ ಹೊಯ್ದಾಡುತ್ತದೆ. ಹಾಡಿಗಿಂತ ಗೊರಗೊರ ಜಾಸ್ತಿ. ಜನ ಪ್ಲೇಟು ಸವೆದಿದೆ ಅಂದುಕೊಂಡು ಗುಜರಿಗೆ ಹಾಕುತ್ತಾರೆ. ಪಾಪ, ಪ್ಲೇಟಿನ ತಪ್ಪಲ್ಲ ಅದು.

ಅದಕ್ಕೇ ಸೂಟ್‌ಕೇಸಿನ ಥರದ ಬಣ್ಣಬಣ್ಣದ ಪ್ಲೇಯರ್ ಕಂಡರೆ ನನಗೆ ಆಗಲ್ಲ. ನಾನೂ ಒಂದು ತಂದೆ. "33, 45, 78 ಮೂರೂ ಸ್ಪೀಡ್ ಇದೆ ಸಾರ್" ಅಂದರು ಅಂಗಡಿಯವರು. ಇತ್ತು, ಸುಳ್ಳಲ್ಲ. ಆದರೆ ಮುಳ್ಳು ಒಂದೇ, ಅದೂ ಎಲ್‌ಪಿಯದು. ಮುಳ್ಳು ಹಿಡಿದ ಕೈಯ ಭಾರ ಹೆಚ್ಚು ಕಮ್ಮಿ ಮಾಡೋಕೂ ದಾರಿ ಇಲ್ಲ. ಅದರ ಮೇಲೆ ಈಗ ನನ್ನ ಮೊಮ್ಮಗಳು ಗೊಂಬೆ ಕೂರಿಸುತ್ತಾಳೆ.

ಹೊಸದು ಕೊಳ್ಳುವುದಾದರೆ ಡಬ್ಬಿಯ ಮೇಲೆ 78 ಇದೆಯಾ, ಮುಳ್ಳು ಕೂರುವ ಹೆಡ್ (ಹೆಡ್‌ಶೆಲ್) ಬಿಚ್ಚಿ ಬೇರೆ ಹಾಕಬಹುದಾ, ಕೈಯ ಹಿಂದೆ ತಿರುಗಿಸುವ ಭಾರ ಇದೆಯಾ, ಸ್ಪೀಡು ಸ್ವಲ್ಪ ಆಚೀಚೆ ಮಾಡಬಹುದಾ ಅಂತ ನೋಡಿ. ಆಡಿಯೋ ಟೆಕ್ನಿಕಾದ ಎಲ್‌ಪಿ120ಎಕ್ಸ್‌ನಲ್ಲಿ ಇವೆಲ್ಲ ಇವೆ, ನಾನು ಬಳಸೋದೂ ಅದನ್ನೇ. ಅದೇ ಕಂಪನಿಯ ಎಲ್‌ಪಿ60ಎಕ್ಸ್‌ನಲ್ಲಿ 78 ಇಲ್ಲ, ಹೆಸರು ನೋಡಿ ಮೋಸ ಹೋಗಬೇಡಿ. ಟೆಕ್ನಿಕ್ಸ್ 1200ರ ಎಂಕೆ7ರಲ್ಲಿ ಇದೆ, ಹಳೇ ಎಂಕೆ2ರಲ್ಲಿ ಇಲ್ಲ. ಆಡಿಯೋ ಟೆಕ್ನಿಕಾದ ಜೊತೆಗೆ ಬರುವ ಮುಳ್ಳು ಎಲ್‌ಪಿಯದೇ, ಟೆಕ್ನಿಕ್ಸ್ ಜೊತೆಗೆ ಮುಳ್ಳೇ ಬರುವುದಿಲ್ಲ. 78ರದು ಬೇರೆ ತರಿಸಬೇಕು. ಆಡಿಯೋ ಟೆಕ್ನಿಕಾದಲ್ಲಿ ಹೆಸರಿಗೆ ಎಸ್‌ಪಿ ಅಂತ ಸೇರಿರುತ್ತದೆ, ಆರ್ಟೊಫಾನ್‌ನಲ್ಲಿ 2ಎಂ 78. ನಾನು ಎರಡು ಹೆಡ್‌ಶೆಲ್ ಇಟ್ಟುಕೊಂಡಿದ್ದೇನೆ. 78ರದಕ್ಕೆ ಕೆಂಪು ಉಗುರುಬಣ್ಣದ ಚುಕ್ಕೆ, ಹೆಂಡತಿಯ ಬಾಟಲಿಯಿಂದ.

ಹೆಡ್ ಬದಲಾಯಿಸಿದಾಗಲೆಲ್ಲ ಭಾರವನ್ನೂ ಹೊಂದಿಸಬೇಕು. ಎಲ್‌ಪಿಗೆ 2 ಗ್ರಾಂ ಆಸುಪಾಸು. 78ರ ಮುಳ್ಳು ಸಾಮಾನ್ಯವಾಗಿ 3ರಿಂದ 5 ಗ್ರಾಂ ಕೇಳುತ್ತದೆ, ಅಂದರೆ ಹೆಚ್ಚು ಕಮ್ಮಿ ಒಂದು 2 ರೂಪಾಯಿ ನಾಣ್ಯದ ತೂಕ. ಮುಳ್ಳಿನ ಡಬ್ಬಿಯಲ್ಲಿ ಬರೆದದ್ದನ್ನೇ ಇಡಿ.

ಕೀ ಕೊಡುವ ಹಿತ್ತಾಳೆ ಕೊಳವೆಯ ಗ್ರಾಮಫೋನು ನೋಡೋಕೆ ಚಂದ. ಆದರೆ ಅದರ ತಲೆ ನೂರು ಗ್ರಾಂ ಮೀರಿ ಒತ್ತುತ್ತದೆ, ಉಕ್ಕಿನ ಮುಳ್ಳನ್ನು ಒಂದೊಂದು ಮಗ್ಗುಲಿಗೂ ಬದಲಾಯಿಸಬೇಕು. ಇರೋದೊಂದೇ ಪ್ಲೇಟು ಅಂದರೆ ಅದಕ್ಕೆ ಕೊಡಬೇಡಿ. ಸೆಕೆಂಡ್‌ಹ್ಯಾಂಡ್ ಪೆಟ್ಟಿಗೆಯಾದರೆ ಒಳಗಿನ ರಬ್ಬರ್ ಚಕ್ರ ಮುಟ್ಟಿ ನೋಡಿ. ಕಲ್ಲಾಗಿದ್ದರೆ ಗುಡುಗುಡು ಖಂಡಿತ.

ಇನ್ನು ಸ್ಪೀಡು. ಲೆಕ್ಕಕ್ಕೆ 78, ಆದರೆ ಮೊದಮೊದಲ ಪ್ಲೇಟುಗಳು ಅಷ್ಟಕ್ಕೇ ನಿಂತವಲ್ಲ. ಗಾಯಕಿ ಗೌಹರ್ ಜಾನ್ 1902ರಲ್ಲಿ ಕಲ್ಕತ್ತದಲ್ಲಿ ಹಾಡಿದ್ದು ಅಂಥ ಕಾಲದಲ್ಲೇ. ಆಕೆ ಕೊನೆಗಾಲ ಕಳೆದದ್ದು, 1930ರಲ್ಲಿ ತೀರಿಕೊಂಡದ್ದು ನಮ್ಮ ಮೈಸೂರಿನಲ್ಲೇ. ಸ್ಪೀಡು ನೂರಕ್ಕೆ ಆರರಷ್ಟು ತಪ್ಪಿದರೆ ಶ್ರುತಿ ಅರ್ಧ ಮನೆ, ಅಂದರೆ ಹಾರ್ಮೋನಿಯಂನಲ್ಲಿ ಪಕ್ಕದ ಪಟ್ಟಿಗೆ, ಸರಿಯುತ್ತದೆ. ನಾಟಕದ ಹಾಡಿನ ಪ್ಲೇಟಾದರೆ ನಾನು ಹಾರ್ಮೋನಿಯಂ ಮುಂದಿಟ್ಟುಕೊಂಡು ಕೂರುತ್ತೇನೆ. ಪ್ಲೇಟಿನ ಹಾರ್ಮೋನಿಯಂ ನನ್ನದರ ಒಂದು ಮನೆಗೆ ಕೂಡುವ ತನಕ ಪಿಚ್ (ಟರ್ನ್‌ಟೇಬಲಿನಲ್ಲಿ ಸ್ಪೀಡು ಆಚೀಚೆ ಮಾಡುವ ಕಡ್ಡಿ) ಸರಿಸೋದು. ಅಷ್ಟಕ್ಕೆ ಹಾಡುವವರ ಗಂಟಲು ಮನುಷ್ಯರ ಗಂಟಲಾಗುತ್ತದೆ.

ಆಂಪ್ಲಿಫೈಯರ್‌ನಲ್ಲಿ ಎಡಬಲದ ಶಬ್ದ ಒಂದು ಮಾಡುವ ಮೋನೋ ಸ್ವಿಚ್ ಇದ್ದರೆ ಹಾಕಿ, ಅರ್ಧ ಗಲಾಟೆ ಅಲ್ಲೇ ಇಳಿಯುತ್ತದೆ. ಟರ್ನ್‌ಟೇಬಲ್ ವೈರು ಚುಚ್ಚುವ ಈಗಿನ ಫೋನೋ ಇನ್‌ಪುಟ್ಟಿನ ಲೆಕ್ಕ 1954ರ ನಂತರದ ಎಲ್‌ಪಿಗಳದು. ಹಳೇ ಪ್ಲೇಟು ಅದರಲ್ಲಿ ಮಂಕಾಗಿ ಕೇಳಬಹುದು. ಟ್ರೆಬಲ್ ಸ್ವಲ್ಪ ಏರಿಸಿ.

ಕೊಳ್ಳೋಕೆ ಹೋಗುವಾಗ ಒಂದು ಪ್ಲೇಟು ಜೊತೆಗಿರಲಿ. ತೀರಾ ಇಷ್ಟದ್ದು ಬೇಡ. ಕೊನೆಯ ಗೆರೆ ತನಕ ಓಡಿಸಿ ಅನ್ನಿ. ತಾನಾಗೇ ನಿಲ್ಲುವ ಕೆಲವು ಯಂತ್ರಗಳು ಮಂಗಳಕ್ಕೆ ಮುಂಚೆಯೇ ಕೈ ಎತ್ತಿಬಿಡುತ್ತವೆ. ಬಸ್ಸಿನಲ್ಲಿ ಹೋಗುವುದಾದರೆ ಪ್ಲೇಟನ್ನು ಟವಲಿನಲ್ಲಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಳ್ಳಿ. ಮೇಲಿನ ಕ್ಯಾರಿಯರ್‌ನಲ್ಲಿಟ್ಟು ಶ್ರೀರಂಗಪಟ್ಟಣ ದಾಟುವಷ್ಟರಲ್ಲಿ ನನ್ನದೊಂದು ಎರಡು ಹೋಳಾಗಿತ್ತು.