ಸೂರಿನ ನೀರು ಬಿದ್ದ ಗೆರೆ: ನಮ್ಮ ಮುಳಿಹುಲ್ಲಿನ ಮನೆ ಸರಿಮಾಡಿದ ಅನುಭವ

ಪುತ್ತೂರಿನ ಕಡೆ ನಮ್ಮ ಅಜ್ಜ ಕಟ್ಟಿದ ಸಣ್ಣ ಮನೆಯೊಂದಿದೆ. ಮಣ್ಣು ಕಲಸಿಟ್ಟು ಕಟ್ಟಿದ ಮುರಕಲ್ಲಿನ (ಕೆಂಪುಕಲ್ಲಿನ) ಗೋಡೆ, ಮೇಲೆ ಮುಳಿಹುಲ್ಲು ಅಂದರೆ ಗುಡ್ಡದಲ್ಲಿ ಬೆಳೆಯುವ, ಮನೆಗೆ ಹೊದಿಸುವ ಹುಲ್ಲು. 1865ರಲ್ಲಿ ಬಾಸೆಲ್ ಮಿಶನ್ ಎಂಬ ಕ್ರೈಸ್ತ ಸಂಸ್ಥೆಯವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ನಮ್ಮ ಕಡೆ ಒಂದೊಂದೇ ಮನೆ ಹಂಚಿಗೆ ಬದಲಾಯಿತು. ಈ ಮನೆ ಹುಲ್ಲಿನಲ್ಲೇ ಉಳಿಯಿತು. ಬೇಸಿಗೆಯ ಆ ತಂಪು ಬಿಡಲು ಅಜ್ಜಿಗೆ ಮನಸ್ಸಿರಲಿಲ್ಲ.

ರಿಪೇರಿಗೆ ಇಳಿದವನು ಮೊದಲು ಹೊರಗೋಡೆಗೆ ಸಿಮೆಂಟ್ ಸಾರಣೆ ಮಾಡಿಸಿದೆ. ಗಟ್ಟಿಯಾಗುತ್ತದೆ ಅಂದುಕೊಂಡಿದ್ದೆ. ಒಂದೇ ಮಳೆಗಾಲಕ್ಕೆ ಒಳಗೋಡೆ ಮೊಣಕಾಲೆತ್ತರದವರೆಗೆ ಒದ್ದೆ! ಮುರಕಲ್ಲಿನ ಮೈತುಂಬ ತೂತು ಅಲ್ವಾ, ನೀರು ಕುಡಿಯುತ್ತದೆ, ಬಿಸಿಲು ಬಂದಾಗ ಬಿಡುತ್ತದೆ. ಆ ತೇವ ಹೊರಗೆ ಹೋಗುವ ದಾರಿಯನ್ನೇ ನಾನು ಮುಚ್ಚಿದ್ದೆ. ಉಳಿ ಹಿಡಿದು ಎಲ್ಲಾ ಕೆತ್ತಿ ತೆಗೆದೆ. ಸಾರಣೆಯ ಅಡಿಯಲ್ಲಿ ಕಲ್ಲು ಕಡಿದವರ ಕೊಡಲಿಯ ಓರೆಗೆರೆಗಳು ಹಾಗೇ ಇದ್ದವು. ನೆಲದಿಂದ ತೆಗೆಯುವಾಗ ಈ ಕಲ್ಲು ಮೆತ್ತಗೆ, ಗಾಳಿ ತಾಗಿದ ಮೇಲೇ ಗಟ್ಟಿ. ಕೈಯಾಡಿಸಿ ನೋಡಿದರೆ ಒಂದೊಂದು ಏಟೂ ಗೊತ್ತಾಗುತ್ತಿತ್ತು.

ಆಮೇಲೆ ಮಾಡಿನ ಸರದಿ. ಮನೆಯ ಚಾವಣಿಗೆ ನಮ್ಮ ಕಡೆ ಮಾಡು ಅನ್ನುತ್ತೇವೆ. ಹಿಂದೆ ಯಾವಾಗಲೋ ತಲೆಗೆ ತಾಗುತ್ತದೆ ಅಂತ ಸೂರನ್ನು ಕತ್ತರಿಸಿದ್ದರು. ಅಂಗಳದ ಕಸ ಕೆರೆದಾಗ ಗೋಡೆಯಿಂದ ಎರಡೂವರೆ ಅಡಿ ಆಚೆ ಸಣ್ಣ ಸಣ್ಣ ಗುಂಡಿಗಳ ಸಾಲು ಕಂಡಿತು. ಹಳೆಯ ಸೂರಿನಿಂದ ವರ್ಷವರ್ಷ ಬಿದ್ದ ಹನಿಗಳ ಗುರುತು ಅದು. ಹೊಸ ಸೂರು ಎಷ್ಟು ಚಾಚಬೇಕು ಅನ್ನುವುದಕ್ಕೆ ಅದೇ ನನಗೆ ಅಳತೆಯಾಯಿತು.

ಹುಲ್ಲು ಹೊದಿಸಲು ಬಂದ ಹಿರಿಯರೊಬ್ಬರು ಬಿದಿರಿನ ಪಕ್ಕಾಸು (ಹುಲ್ಲನ್ನು ಹೊರುವ ಓರೆಯಾದ ಗಳಗಳು) ನೋಡಿದ ಕೂಡಲೇ, "ಮಾಡು ನಿಲ್ಲಬೇಕು ಮಗಾ, ಮಲಗಬಾರದು" ಅಂದರು. ಇಳಿಜಾರು ಕಮ್ಮಿಯಾದರೆ ನೀರು ಜಾರುವುದಿಲ್ಲ, ಹುಲ್ಲಿನೊಳಗೇ ನಿಂತು ಕೊಳೆಯುತ್ತದೆ. ಹಾಗಾಗಿ ಪಕ್ಕಾಸು ಬಿಚ್ಚಿ ಇನ್ನಷ್ಟು ಕಡಿದಾಗಿ ಕಟ್ಟಿದೆವು. ಮಳೆಗಾಲ ಮುಗಿದು ಗುಡ್ಡದಲ್ಲಿ ಹುಲ್ಲು ಒಣಗಿದ ಮೇಲೆ ಕೊಯ್ದು ಸೂಡಿ (ಸಣ್ಣ ಕಟ್ಟು) ಕಟ್ಟಿಟ್ಟಿದ್ದೆವು. ಅದನ್ನು ಮೇ ತಿಂಗಳಲ್ಲಿ ಸೂರಿನಿಂದ ಶುರು ಮಾಡಿ ಮೇಲಕ್ಕೆ, ಕೆಳಗಿನ ಸಾಲಿನ ಕಟ್ಟು ಮುಚ್ಚುವ ಹಾಗೆ ಒಂದರ ಮೇಲೊಂದು ಹಾಸಿ, ಸೀಳಿದ ಅಡಿಕೆಮರದ ಪಟ್ಟಿ ಒತ್ತಿ, ತೆಂಗಿನ ನಾರಿನ ಹಗ್ಗದಲ್ಲಿ ಬಿಗಿಯುತ್ತಾ ಹೋದೆವು. ನೆತ್ತಿಗೆ ಮಾತ್ರ ಜಾಸ್ತಿ ಹುಲ್ಲು. ಎರಡೂ ಕಡೆಯ ಇಳಿಜಾರು ಸೇರುವ ಆ ಜಾಗದಲ್ಲೇ ಮೊದಲು ಸೋರುವುದು. ಒಳಗೆ ಒಲೆ ಉರಿಸುವುದನ್ನೂ ಬಿಟ್ಟಿಲ್ಲ. ಹೊಗೆಯಾಡಿದರೆ ಹುಲ್ಲಿಗೆ ಹುಳ ಹಿಡಿಯುವುದು ಕಮ್ಮಿ.

ಜೂನ್‌ನ ಮೊದಲ ಜೋರು ಮಳೆಗೆ ಜಗಲಿಯಲ್ಲಿ ಕೂತು ನೋಡುತ್ತಿದ್ದೆ. ಸೂರಿನ ನೀರು ಹಳೆಯ ಗುಂಡಿಗಳಿಗೇ ಸರಿಯಾಗಿ ಬೀಳುತ್ತಿತ್ತು. ಗೋಡೆ ಒಣಗಿಯೇ ಇತ್ತು.